ಜೇಬಿನ ಚಾಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಮಡಚುವ ಚಾಕುಗಳನ್ನು ಗುಜರಿಗೆ ಹಾಕುವ ಮೊದಲು ಅಲಗಿನ ಬುಡದಲ್ಲಿರುವ ಅಕ್ಷರಗಳನ್ನು ಒಮ್ಮೆ ಓದಿ ನೋಡಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಅದನ್ನು ಓದಿ ಕೊಡಗಿನ ಹಲವು ಊರುಗಳಿಂದ ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರಿನ ಬದಲು ಊರನ್ನಷ್ಟೇ ಸೂಚಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವರು. ಅವರ ಟ್ರಂಕಿನ ತಳದಲ್ಲಿ ಕೈಗೆ ಭಾರವೆನಿಸುವ ಮಡಚುವ ಚಾಕು ಸಿಕ್ಕಿದೆ. ಕಪ್ಪು ಹಿಡಿಯ ಮೇಲೆ ಚೌಕುಳಿ ಗೀರುಗಳಿವೆ. ಒಂದು ಕಡೆ ಅಗಲವಾದ ಅಲಗು, ಬೆನ್ನಿನ ಕಡೆ ದಪ್ಪ ಮೊಳೆಯಂಥದ್ದೊಂದು, ತುದಿಯಲ್ಲಿ ಕೊಂಡಿ. ಲೋಹದ ಮೇಲೆ ಸಣ್ಣ ಬಾಣದ ಗುರುತಿದೆ. ತುಕ್ಕು ಹಿಡಿದು ಅಲಗು ಕಚ್ಚಿಕೊಂಡಿದೆ. ಪಾಲಿಶ್ ಮಾಡಿಸಿ ಗಾಜಿನ ಕಪಾಟಿನಲ್ಲಿ ಇಡಬಹುದೇ? (ವಿರಾಜಪೇಟೆ)

ಉತ್ತರ: ದಯವಿಟ್ಟು ಪಾಲಿಶ್ ಮಾಡಿಸಬೇಡಿ. ನಿಮ್ಮ ಕೈಯಲ್ಲಿರುವುದು ಬ್ರಿಟಿಷ್ ಸೈನ್ಯದಲ್ಲಿ ಸಿಪಾಯಿಗಳಿಗೆ ಕೊಡುತ್ತಿದ್ದ ‘ಕ್ಲಾಸ್ಪ್ ನೈಫ್’. ಕಾರ್ಯಪ್ಪ, ತಿಮ್ಮಯ್ಯನವರ ಈ ಜಿಲ್ಲೆಯಲ್ಲಿ, ಮನೆಗೊಬ್ಬರಂತೆ ಸೈನ್ಯಕ್ಕೆ ಹೋಗಿಬಂದ ಊರುಗಳಲ್ಲಿ, ಇಂಥ ಚಾಕುಗಳು ಟ್ರಂಕುಗಳ ತಳದಲ್ಲಿ ಇನ್ನೂ ಇರುತ್ತವೆ ಎಂಬುದು ನನಗೆ ಅಚ್ಚರಿಯಲ್ಲ. ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತಿನ ಮುದ್ರೆ. ಅದರ ಆಸುಪಾಸಿನಲ್ಲಿ ಅಥವಾ ಅಲಗು ಹಿಡಿಯನ್ನು ಸೇರುವ ಬುಡದಲ್ಲಿ ತಯಾರಕರ ಹೆಸರೂ ಹಲವು ವೇಳೆ ಇಸವಿಯೂ ಒತ್ತಿರುತ್ತವೆ. ಭೂತಗನ್ನಡಿ ಹಿಡಿದು, ಟಾರ್ಚಿನ ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟರೆ, ತುಕ್ಕಿನ ಅಡಿಯಲ್ಲಿರುವ ಅಕ್ಷರಗಳು ನೆರಳಿನಿಂದ ಎದ್ದು ಕಾಣುತ್ತವೆ.

ಬೆನ್ನಿನ ಕಡೆಯ ದಪ್ಪ ಮೊಳೆಗೆ ಮಾರ್ಲಿನ್ ಸ್ಪೈಕ್ ಎಂದು ಹೆಸರು. ಕುದುರೆಯ ಗೊರಸಿಗೆ ಸಿಕ್ಕಿದ ಕಲ್ಲನ್ನು ತೆಗೆಯಲು ಅದನ್ನು ಇಟ್ಟಿದ್ದರೆಂದು ಹಳಬರು ಹೇಳುವುದುಂಟು. ಅದರ ಮುಖ್ಯ ಕೆಲಸ ಹಗ್ಗದ್ದು. ನೆನೆದು ಬಿಗಿಗೊಂಡ ಗಂಟನ್ನು ಸಡಿಲಿಸಲು, ಹಗ್ಗದ ಎಳೆಗಳನ್ನು ಬಿಡಿಸಿ ಮತ್ತೆ ಹೆಣೆಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಡೇರೆ, ಹೇಸರಗತ್ತೆ, ಲಾರಿಯ ಟಾರ್ಪಾಲು ಎಲ್ಲವೂ ಹಗ್ಗದ ಮೇಲೆ ನಿಂತಿದ್ದ ಕಾಲದಲ್ಲಿ ಅದು ಅಲಗಿನಷ್ಟೇ ಉಪಯೋಗಕ್ಕೆ ಬರುತ್ತಿತ್ತು. ತುದಿಯ ಕೊಂಡಿಗೆ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಇನ್ನು ಶುಚಿಗೊಳಿಸುವ ವಿಚಾರ. ಅವಸರಪಟ್ಟು ಇಕ್ಕಳದಿಂದ ಎಳೆದರೆ ಉಗುರು ಸಿಕ್ಕಿಸುವ ಗೀರು ಮುರಿಯುತ್ತದೆ, ಇಲ್ಲವೇ ಒಳಗಿನ ಸ್ಪ್ರಿಂಗ್ ಬಿರುಕು ಬಿಡುತ್ತದೆ. ಚಾಕುವನ್ನು ಬುಡ ಮೇಲಾಗಿ ನಿಲ್ಲಿಸಿ, ಕೀಲಿನ ಸಂದಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಮೂರು ತೊಟ್ಟು ಬಿಟ್ಟು ಒಂದು ಹಗಲು ಒಂದು ರಾತ್ರಿ ಹಾಗೆಯೇ ಇಡಿ. ಮರುದಿನ ಅಲಗನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಕೂದಲೆಳೆಯಷ್ಟು ಅಲ್ಲಾಡಿಸಿ ನೋಡಿ. ಅಲ್ಲಾಡದಿದ್ದರೆ ಮತ್ತೆ ಎಣ್ಣೆ, ಮತ್ತೊಂದು ದಿನ. ನನ್ನ ಬಳಿ ಒಂಬತ್ತು ದಿನ ಕಾದು ಬಿಡಿಸಿಕೊಂಡ ಚಾಕು ಇದೆ. ತೆರೆದ ಮೇಲೆ ಒಳಗಿನ ಕಂದು ಪುಡಿಯನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ಅಲಗಿನ ಮೇಲಿನ ಕೆಂಪು ತುಕ್ಕನ್ನು ಎಣ್ಣೆ ಹಚ್ಚಿ ಹಳೆಯ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲನೆ ಕೆರೆಯಬಹುದು. ತಾಮ್ರ ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಕೆಂಪು ಹೋದಮೇಲೆ ಉಳಿಯುವ ಬೂದುಗಪ್ಪು ಬಣ್ಣವನ್ನು ಮಾತ್ರ ಮುಟ್ಟಬೇಡಿ. ಅದು ಕೊಳೆಯಲ್ಲ, ಹತ್ತಾರು ವರ್ಷಗಳ ಬಳಕೆಯಿಂದ ಉಕ್ಕಿನ ಮೇಲೆ ಕಟ್ಟಿದ ಪದರ, ಹೊಸ ತುಕ್ಕನ್ನು ತಡೆಯುವುದೂ ಅದೇ. ಪಾಲಿಶ್ ಚಕ್ರಕ್ಕೆ ಹಿಡಿದರೆ ಆ ಪದರದ ಜೊತೆಗೆ ಬಾಣವೂ ಇಸವಿಯೂ ಸವೆದು ಹೋಗುತ್ತವೆ. ಆಮೇಲೆ ಉಳಿಯುವುದು ಯಾರದೂ ಅಲ್ಲದ ಹೊಳೆಯುವ ಕಬ್ಬಿಣ.

ಒಂದು ಗಟ್ಟಿ ಕಾಗದದ ಮೇಲೆ ಅಜ್ಜನ ಹೆಸರು, ಅವರಿದ್ದ ರೆಜಿಮೆಂಟು, ಚಾಕು ಸಿಕ್ಕಿದ ದಿನ, ಮನೆಯವರಿಗೆ ನೆನಪಿರುವ ಸಂಗತಿ, ಇಷ್ಟನ್ನು ಬರೆದು ಚಾಕುವಿನ ಜೊತೆಗೇ ಇಡಿ. ಅವರನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಈ ಭಾನುವಾರವೇ ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ಫ್ರಾನ್ಸಿನ ಒಪಿನೆಲ್ ಚಾಕು ಕೊಂಡಿದ್ದೇನೆ, ಮರದ ಹಿಡಿಯ 8ನೇ ನಂಬರಿನದು. ಬೇಸಿಗೆಯಲ್ಲಿ ಸಲೀಸಾಗಿ ತೆರೆಯುತ್ತಿತ್ತು. ಜೂನ್ ಕಳೆದ ಮೇಲೆ ಅಲಗು ಹೊರಗೆ ಬರುತ್ತಲೇ ಇಲ್ಲ. ಚರ್ಮದ ಒರೆಯಲ್ಲಿಟ್ಟ ಇನ್ನೆರಡು ಚಾಕುಗಳಿಗೆ ತುಕ್ಕು ಹಿಡಿದಿದೆ. ನಮ್ಮ ಮಳೆಯಲ್ಲಿ ಇಂಥವನ್ನು ಇಟ್ಟುಕೊಳ್ಳುವುದೇ ತಪ್ಪೇ? (ಮಡಿಕೇರಿ, ಇದೇ ಪ್ರಶ್ನೆ ಭಾಗಮಂಡಲ ಮತ್ತು ಶಾಂತಳ್ಳಿಯಿಂದಲೂ ಬಂದಿದೆ)

ಉತ್ತರ: ತಪ್ಪಿಲ್ಲ, ಆದರೆ ಮಡಿಕೇರಿಯ ಮಳೆಗಾಲಕ್ಕೆ ತಕ್ಕ ಆರೈಕೆ ಬೇಕು. ಜೋಸೆಫ್ ಒಪಿನೆಲ್ 1890ರಲ್ಲಿ ಫ್ರಾನ್ಸಿನ ಸವೊಯ್ ಎಂಬ ಬೆಟ್ಟದ ಸೀಮೆಯಲ್ಲಿ ರೈತರ ಜೇಬಿಗೆಂದು ಈ ಚಾಕುವನ್ನು ರೂಪಿಸಿದರು. 1897ರಲ್ಲಿ 1ರಿಂದ 12ರವರೆಗೆ ಅಳತೆಯ ನಂಬರುಗಳು ಬಂದವು. ಹಿಡಿ ಬೀಚ್ ಮರದ ಒಂದೇ ತುಂಡು, ಅದರಲ್ಲಿ ಗರಗಸದಿಂದ ಸೀಳಿದ ಒಂದು ಕಂಡಿ, ಒಂದು ಕೀಲು, ಒಂದು ಅಲಗು. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುಬಳೆ ಸೇರಿದ್ದು 1955ರಲ್ಲಿ. ಒಳಗೆ ಸ್ಪ್ರಿಂಗ್ ಇಲ್ಲದ ಕಾರಣ ಅಲಗು ನಿಲ್ಲುವುದು ಮರದ ಬಿಗಿತದಿಂದ ಮಾತ್ರ. ಬೀಚ್ ಮರ ತೇವವನ್ನು ಬೇಗ ಹೀರುತ್ತದೆ. ಹೀರಿದಾಗ ಕಂಡಿಯ ಎರಡು ಗೋಡೆಗಳೂ ಉಬ್ಬಿ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತವೆ. ಆಷಾಢದಲ್ಲಿ ನಮ್ಮ ಮನೆಯ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ.

ಸವೊಯ್‌ನ ಜನರೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಳೆಯನ್ನು ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಗಟ್ಟಿಯಾಗಿ ಕುಟ್ಟಿದರೆ ಅಲಗಿನ ಮೊನೆ ಬೆರಳಿಗೆ ಸಿಗುವಷ್ಟು ಮೇಲೇಳುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ ಫಾಲ್ಗುಣ ಚೈತ್ರದ ಒಣ ದಿನಗಳಲ್ಲಿ, ಮರ ಚೆನ್ನಾಗಿ ಒಣಗಿರುವಾಗ, ಹಿಡಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒಣಗಿಸಿ, ಮತ್ತೆ ಹಚ್ಚಿ, ನಾಲ್ಕೈದು ಸಲ ಕುಡಿಸಿ. ಕಂಡಿಯ ಒಳಗೋಡೆಗೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿರಿ, ಏಕೆಂದರೆ ತೇವ ಹೆಚ್ಚು ನುಗ್ಗುವುದು ವಾರ್ನಿಶ್ ಇಲ್ಲದ ಆ ಜಾಗದಿಂದ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿ ಬಿದ್ದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿದ ಮೇಲೆ ಎಸೆಯಿರಿ. ಉಬ್ಬಿದ ಹಿಡಿಯನ್ನು ಬೇಗ ಒಣಗಿಸಲು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಮರ ಸೀಳುತ್ತದೆ.

ಚರ್ಮದ ಒರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒರೆ ಇರುವುದು ಸಾಗಿಸಲು, ಸಂಗ್ರಹಿಸಿಡಲು ಅಲ್ಲ. ಚರ್ಮ ಗಾಳಿಯ ತೇವವನ್ನು ಹೀರಿ ಅಲಗಿಗೆ ಒತ್ತಿ ಹಿಡಿದುಕೊಳ್ಳುತ್ತದೆ, ಹದ ಮಾಡುವಾಗ ಬಳಸಿದ ಉಪ್ಪು ಮತ್ತು ಆಮ್ಲದ ಅಂಶಗಳು ಆ ತೇವದಲ್ಲಿ ಕರಗಿ ಉಕ್ಕನ್ನು ತಿನ್ನುತ್ತವೆ, ಮೇಲೆ ಬೂಷ್ಟು ಬೇರೆ. ಚಾಕುಗಳನ್ನು ತೊಳೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಬಿಡಿಬಿಡಿಯಾಗಿ ಸುತ್ತಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ. ಬಣ್ಣ ಬದಲಾಗುವ ಬಗೆಯದನ್ನು ಕೊಂಡರೆ ಅದು ಯಾವಾಗ ತೇವ ತುಂಬಿಕೊಂಡಿತೆಂದು ಕಣ್ಣಿಗೇ ಕಾಣುತ್ತದೆ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ಪ್ರತಿಯೊಂದನ್ನೂ ಒರೆಸಲೇಬೇಕು.

ಎಣ್ಣೆಯ ಬಗ್ಗೆ ಎಲ್ಲರೂ ಕೇಳಿದ್ದೀರಿ. ಕೊಬ್ಬರಿ ಎಣ್ಣೆ ಬೇಡ. ಕೆಲವು ತಿಂಗಳಲ್ಲಿ ಕಮಟಾಗಿ ಅಂಟಾಗುತ್ತದೆ, ಮಡಿಕೇರಿಯ ಚಳಿಗೆ ಕೀಲಿನೊಳಗೆ ಹೆಪ್ಪುಗಟ್ಟುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಕೆಡುವುದಿಲ್ಲ, ಹಣ್ಣು ಕತ್ತರಿಸುವ ಅಲಗಿಗೂ ಬಾಧಕವಿಲ್ಲ. ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕಿನ ಅಲಗಿನಲ್ಲಿ ಕಿತ್ತಳೆ, ಮಾವಿನಕಾಯಿ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಕಪ್ಪು ಕಲೆ ಮೂಡುತ್ತದೆ, ಅದರಿಂದ ಕೆಡುಕಿಲ್ಲ. ಕಾಚಂಪುಳಿ, ಅಂದರೆ ನಮ್ಮ ಅಡುಗೆಯ ಕಪ್ಪು ಹುಳಿರಸ, ತಾಗಿದ ಅಲಗನ್ನು ಮಾತ್ರ ಆ ಕ್ಷಣವೇ ತೊಳೆಯಿರಿ. ಅಷ್ಟು ಗಟ್ಟಿಯಾದ ಹುಳಿ ಒಂದು ರಾತ್ರಿ ಉಳಿದರೆ ಅಲಗಿನಲ್ಲಿ ಸಣ್ಣ ಕುಳಿಗಳನ್ನು ಕೊರೆಯುತ್ತದೆ, ಕುಳಿಯನ್ನು ಯಾವ ಎಣ್ಣೆಯೂ ತುಂಬಲಾರದು.

ಪ್ರಶ್ನೆ: ಕೊಡಗಿನವರಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಇದೆಯಲ್ಲ, ಹಾಗಾಗಿ ಯಾವ ಚಾಕುವನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದೇ? ಬೆಂಗಳೂರಿಗೆ, ವಿಮಾನ ಪ್ರಯಾಣಕ್ಕೆ? (ಗೋಣಿಕೊಪ್ಪ)

ಉತ್ತರ: ಇದು ನಮ್ಮಲ್ಲಿ ಆಳವಾಗಿ ಬೇರೂರಿರುವ ತಪ್ಪು ತಿಳಿವಳಿಕೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯ ತಿರುಳು ಲೈಸೆನ್ಸು, ಅದರಲ್ಲೂ ಕೋವಿಯ ಲೈಸೆನ್ಸು. ಸಾಧಾರಣ ಜೇಬಿನ ಚಾಕುವಿಗೆ ದೇಶದ ಯಾರಿಗೂ ಲೈಸೆನ್ಸು ಬೇಕಿಲ್ಲದಿರುವಾಗ ಆ ವಿನಾಯಿತಿಯನ್ನು ಇಲ್ಲಿ ಎಳೆದು ತರುವುದರಲ್ಲಿ ಅರ್ಥವಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆ, ಮನೆಗೆಲಸ ಅಥವಾ ಕೃಷಿಗೆಂದೇ ಮಾಡಿದ ಉಪಕರಣಗಳನ್ನು ‘ಶಸ್ತ್ರ’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದರಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕು, ಕತ್ತಿ, ಕಠಾರಿಗಳನ್ನು ಹರಿತ ಶಸ್ತ್ರಗಳ ವರ್ಗಕ್ಕೆ ಸೇರಿಸುತ್ತವೆ. ಮನೆ, ಹೊಲ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆ ಮಾಡಿದವು ಅಲ್ಲಿಯೂ ಹೊರಗುಳಿಯುತ್ತವೆ. 8ನೇ ನಂಬರಿನ ಒಪಿನೆಲ್‌ನ ಅಲಗು ಎಂಟೂವರೆ ಸೆಂಟಿಮೀಟರ್, ಮೂರೂವರೆ ಇಂಚಿಗೂ ಕಡಿಮೆ. ಆದರೆ ಅಳತೆಯೊಂದೇ ಲೆಕ್ಕಕ್ಕೆ ಬರುವುದಿಲ್ಲ. ಗುಂಡಿ ಒತ್ತಿದೊಡನೆ ಚಿಮ್ಮುವ ಬಟನ್ ಚಾಕುವಿನ ಮೇಲೆ ಕೆಲವು ರಾಜ್ಯಗಳು ಬೇರೆಯೇ ಅಧಿಸೂಚನೆ ಹೊರಡಿಸಿವೆ. ಉತ್ತರ ಪ್ರದೇಶದ ರಾಮ್‌ಪುರದ ಹೆಸರಾಂತ ರಾಂಪುರಿಗೂ ಅಲ್ಲಿನ ಸರ್ಕಾರ ಉದ್ದದ ಮಿತಿ ಹಾಕಿತು. ಸಂಗ್ರಹಕ್ಕೆಂದು ಅಂಥದ್ದನ್ನು ಕೊಂಡರೂ ಅದು ಮನೆಯಿಂದ ಹೊರಗೆ ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಿಲ್ಲಾಡಳಿತ ನಿಷೇಧಾಜ್ಞೆ ಹೊರಡಿಸಿದ ದಿನಗಳಲ್ಲಿ, ಹಿಂದಿನ 144ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಆಯುಧ ಒಯ್ಯಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆಗ ಚಾಕು ಮನೆಯಲ್ಲಿರಲಿ. ನ್ಯಾಯಾಲಯ, ಮತಗಟ್ಟೆ, ಶಾಲೆ, ಮೆಟ್ರೊ ನಿಲ್ದಾಣಗಳಿಗೂ ಬೇಡ. ವಿಮಾನದಲ್ಲಿ ಕೈಚೀಲಕ್ಕೆ ಹಾಕಿದರೆ ತಪಾಸಣೆಯಲ್ಲಿ ಕಳೆದುಕೊಳ್ಳುತ್ತೀರಿ. ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯೊಳಗೆ ಸುತ್ತಿಡಿ. ತಡೆದು ಕೇಳಿದ ಪೊಲೀಸರಿಗೆ ‘ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೇನೆ’ ಎಂದು ಉತ್ತರಿಸುವವನು ತನ್ನ ಉಪಕರಣವನ್ನು ತಾನೇ ಶಸ್ತ್ರವೆಂದು ಹೆಸರಿಸಿದಂತೆ. ಜೇಬಿನ ಚಾಕು ಆತ್ಮರಕ್ಷಣೆಗೆ ಒದಗುವುದೂ ಇಲ್ಲ. ಹಾಗೆ ನಂಬಿ ಒಯ್ಯುವವರು ದಯವಿಟ್ಟು ಒಯ್ಯದಿರಿ. ಕುಪ್ಪಸದ ಚೇಲೆಯಲ್ಲಿ (ಸೊಂಟಪಟ್ಟಿಯಲ್ಲಿ) ಸಿಕ್ಕಿಸುವ ಪೀಚೆಕತ್ತಿಯೂ ಬೆನ್ನಿನ ತೊಡಂಗಿನಲ್ಲಿ (ಲೋಹದ ಕೊಂಡಿಯಲ್ಲಿ) ಕೂರುವ ಒಡಿಕತ್ತಿಯೂ ಸಂಪ್ರದಾಯದ ಉಡುಗೆಯ ಭಾಗ. ಮದುವೆಯಲ್ಲಿ ಬಾಳೆ ಕಡಿಯುವಂಥ ಸಂದರ್ಭಗಳಲ್ಲಿ ಅವಕ್ಕಿರುವ ಸ್ಥಾನವನ್ನು ನಿತ್ಯದ ಜೇಬಿಗೆ ತರಬಾರದು.

ಪ್ರಶ್ನೆ: ಕೈಲ್ ಪೊಳ್ದ್ ದಿನ ಕೋವಿ ಕತ್ತಿಗಳ ಜೊತೆಗೆ ಜೇಬಿನ ಚಾಕುವನ್ನೂ ಪೂಜೆಗೆ ಇಡಬಹುದೇ? (ನಾಪೋಕ್ಲು)

ಉತ್ತರ: ನಮ್ಮ ಮನೆಯಲ್ಲಿ ಇಡುತ್ತೇವೆ. ನಾಟಿ ಮುಗಿಸಿದ ಕೈಗಳು ಉಪಕರಣಗಳಿಗೆ ಮರ್ಯಾದೆ ಸಲ್ಲಿಸುವ ದಿನವದು, ಆ ಸಾಲಿನಲ್ಲಿ ಅದಕ್ಕೂ ಜಾಗವಿದೆ. ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳುತ್ತೇನೆ. ಕುಂಕುಮ, ಗಂಧ, ನೀರು ಚಿಮುಕಿಸಿದ ಹೂವು ಇವುಗಳನ್ನು ಸಂಜೆಯೊಳಗೆ ಒರೆಸಿ ಎಣ್ಣೆ ಹಚ್ಚಿ. ಸೆಪ್ಟೆಂಬರಿನ ತೇವದಲ್ಲಿ ಒಂದು ರಾತ್ರಿ ಸಾಕು, ಕಲೆ ಉಳಿಯುತ್ತದೆ. ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್ ಪೂವಿನ ಗಿಡ, ಅಂದರೆ ಗೌರಿಹೂವಿನ ಬಳ್ಳಿ, ಬೇರಿನಿಂದ ಹೂವಿನವರೆಗೂ ವಿಷ. ಅದರ ದಂಟನ್ನು ಕತ್ತರಿಸಿದ ಚಾಕುವನ್ನು ಸಾಬೂನಿನಲ್ಲಿ ಚೆನ್ನಾಗಿ ತೊಳೆಯದೆ ಹಣ್ಣಿಗೆ ತಾಗಿಸಬೇಡಿ.

ಪ್ರಶ್ನೆ: ಕಾಫಿ ತೋಟದಲ್ಲಿ ದಿನವೂ ಜೇಬಿನಲ್ಲಿರಬೇಕಾದ ಚಾಕು ಯಾವುದು? ಕಸಿ ಕಟ್ಟಲೂ ಅದನ್ನೇ ಬಳಸಬಹುದೇ? (ಸೋಮವಾರಪೇಟೆ)

ಉತ್ತರ: ಎರಡಕ್ಕೂ ಒಂದೇ ಚಾಕು ಆಗದು. ಗೋಣಿಯ ಹುರಿ, ಬಳ್ಳಿ ಕಟ್ಟುವ ದಾರ, ರಸಗೊಬ್ಬರದ ಚೀಲ, ಮಧ್ಯಾಹ್ನದ ಹಣ್ಣು, ಇಷ್ಟಕ್ಕೆ ಎರಡೂ ಕಡೆ ಧಾರೆ ಇಳಿಸಿದ ಸಾದಾ ಮಡಚುವ ಚಾಕು ಸಾಕು. ಕಸಿ ಚಾಕುವಿಗೆ ಒಂದೇ ಪಕ್ಕದಲ್ಲಿ ಧಾರೆ ಇಳಿಸಿರುತ್ತಾರೆ, ಇನ್ನೊಂದು ಪಕ್ಕ ಹಲಗೆಯಂತೆ ಸಪಾಟು. ಕಡ್ಡಿಯನ್ನು ಓರೆಯಾಗಿ ಒಂದೇ ಎಳೆತಕ್ಕೆ ಸೀಳಿದಾಗ ಅಲಗು ಬಾಗದೆ ನೇರ ಹಾಯ್ದು, ಎರಡು ಗಾಯಗಳ ಮುಖಗಳು ನಡುವೆ ಗಾಳಿ ಇಲ್ಲದಂತೆ ಒಂದಕ್ಕೊಂದು ಕೂರುವುದು ಆ ಸಪಾಟು ಪಕ್ಕದಿಂದಲೇ. ಎಡಗೈಯವರಿಗೆ ಧಾರೆ ಇನ್ನೊಂದು ಪಕ್ಕದಲ್ಲಿರುವುದು ಬೇಕಾಗುತ್ತದೆ, ಕೊಳ್ಳುವಾಗ ಕೇಳಿ ನೋಡಿ. ಜರ್ಮನಿಯ ರಾಯ್ಟ್‌ಲಿಂಗನ್ ಊರಿನ ಟೀನಾ ಸಂಸ್ಥೆ 1854ರಿಂದಲೂ ಇರುವುದು, ಅದರ ಕಸಿ ಚಾಕುಗಳು ತೋಟಗಾರರಲ್ಲಿ ಹೆಸರುವಾಸಿ, ಬೆಲೆಯೂ ಹಾಗೆಯೇ. ನಮ್ಮ ದೇಶದಲ್ಲೇ ತಯಾರಾಗುವ ಫಾಲ್ಕನ್ ಕಸಿ ಚಾಕು ಸುಲಭ ಬೆಲೆಗೆ ಸಿಗುತ್ತದೆ. ಕಲಿಯುವವರು ಅದರಿಂದಲೇ ಆರಂಭಿಸಲಿ. ಕಸಿ ಚಾಕುವಿನಿಂದ ದಾರ ಕತ್ತರಿಸಲು ಮಾತ್ರ ಯಾರಿಗೂ ಬಿಡಬೇಡಿ.

ಕಿತ್ತಳೆಗೆ ಕಣ್ಣುಕಸಿ ಮಾಡುವವರಿಗೆ ಮುಖ್ಯವಾದ ಮಾತೊಂದಿದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕೊಡಗಿನ ಕಿತ್ತಳೆ ರೋಗಗಳಿಂದ ಎಷ್ಟು ನಲುಗಿದೆ ಎಂಬುದನ್ನು ಬೆಳೆಗಾರರಿಗೆ ನಾನು ಹೇಳಬೇಕಿಲ್ಲ. ಅವುಗಳಲ್ಲಿ ಹಲವು ಕೀಟಗಳಿಂದಲೂ ರೋಗಿಷ್ಠ ಕಡ್ಡಿಗಳಿಂದಲೂ ಹರಡುವಂಥವು. ಆದರೆ ನಿಂಬೆ ಜಾತಿಯ ಗಿಡಗಳನ್ನು ಕಾಡುವ ಎಕ್ಸೊಕಾರ್ಟಿಸ್ ಎಂಬ ವೈರಾಯ್ಡ್ (ವೈರಸ್ಸಿಗಿಂತಲೂ ಸಣ್ಣ ರೋಗಕಾರಕ) ಚಾಕುವಿನ ಅಲಗಿನ ಮೇಲೆಯೇ ಒಂದು ಗಿಡದಿಂದ ಮತ್ತೊಂದಕ್ಕೆ ದಾಟುತ್ತದೆ. ಬೆಂಕಿಗೆ ಹಿಡಿಯುವುದರಿಂದಲೋ ಸ್ಪಿರಿಟ್ಟಿನಲ್ಲಿ ಒರೆಸುವುದರಿಂದಲೋ ಅದು ಸಾಯುತ್ತದೆಂದು ನೆಚ್ಚಲಾಗದು. ಅದಕ್ಕೆ ಬ್ಲೀಚಿಂಗ್ ದ್ರಾವಣವೇ ಮದ್ದು. ಬ್ಲೀಚು ಕಾರ್ಬನ್ ಉಕ್ಕನ್ನು ಬಲುಬೇಗ ತುಕ್ಕು ಹಿಡಿಸುವುದರಿಂದ, ಪಕ್ಕದಲ್ಲಿ ಒಂದು ಬೋಗುಣಿ ಶುದ್ಧ ನೀರು ಮತ್ತು ಒಣ ಬಟ್ಟೆ ಇಟ್ಟುಕೊಂಡು, ಗಿಡದಿಂದ ಗಿಡಕ್ಕೆ ಹೋಗುವಾಗ ಅದ್ದಿ, ತೊಳೆದು, ಒರೆಸಿ, ಕೆಲಸ ಮುಗಿದ ಮೇಲೆ ಎಣ್ಣೆ ಹಚ್ಚಿಡಬೇಕು. ಬೇಸರ ತರುವ ಕೆಲಸವೆಂದು ಬಲ್ಲೆ. ಆದರೂ ಬಿಡಬೇಡಿ.

ಪ್ರಶ್ನೆ: ಸಾಣೆ ಹಿಡಿಯುವವರ ಚಕ್ರಕ್ಕೆ ಕೊಡಬಹುದೇ? (ಸಿದ್ದಾಪುರ)

ಉತ್ತರ: ಮಚ್ಚಿಗೆ ಸರಿ, ಜೇಬಿನ ಚಾಕುವಿಗೆ ಬೇಡ. ಉಕ್ಕನ್ನು ಕಾಯಿಸಿ ಅದ್ದಿದ ಮೇಲೆ ಸುಮಾರು 200 ಡಿಗ್ರಿ ಶಾಖದಲ್ಲಿ ಹದಗೊಳಿಸಿರುತ್ತಾರೆ. ನೀರಿಲ್ಲದೆ ತಿರುಗುವ ಚಕ್ರಕ್ಕೆ ತೆಳು ಅಲಗು ತಾಗಿದ ಕೆಲವೇ ಕ್ಷಣಗಳಲ್ಲಿ ಅಂಚು ಅದನ್ನೂ ಮೀರಿ ಕಾಯುತ್ತದೆ. ನೀಲಿ ಬಣ್ಣ ಕಂಡರೆ ಶಾಖ 300 ಡಿಗ್ರಿಯ ಹತ್ತಿರ ಹೋಗಿದೆ ಎಂದರ್ಥ, ಆ ಭಾಗ ಮೆದುವಾಗಿ ಮುಂದೆ ಧಾರೆ ನಿಲ್ಲುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಹೀಗೆ ತಂದೆಯವರ ಚಾಕುವೊಂದನ್ನು ನಾನು ಕೆಡಿಸಿಕೊಂಡೆ, ಆ ನೀಲಿ ಗೆರೆ ಇಂದಿಗೂ ಅದರ ಮೇಲಿದೆ. ನೀರು ಹಾಕಿ ಮಸೆಯುವ ನಯವಾದ ಕಲ್ಲು ಕೊಂಡುಕೊಳ್ಳಿ. ಅಲಗಿನ ಬೆನ್ನನ್ನು ಕಲ್ಲಿನಿಂದ ಸ್ವಲ್ಪವೇ ಎತ್ತಿ, ಇಪ್ಪತ್ತು ಡಿಗ್ರಿಗಿಂತ ಹೆಚ್ಚಾಗದಂತೆ, ಎರಡೂ ಪಕ್ಕಗಳನ್ನು ಸಮನಾಗಿ ಮಸೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಧಾರೆ ಹಿಂದಾಗಿ ಎಳೆದರೆ ಕಾಗದ ಸದ್ದಿಲ್ಲದೆ ಸೀಳುತ್ತದೆ.

ಪ್ರಶ್ನೆ: ದೊರೆಗಳ ಕಾಲದ ಎಸ್ಟೇಟ್ ಬಂಗಲೆಯ ಸಾಮಾನುಗಳೊಂದಿಗೆ ಬಂದ ಚಾಕುವಿನ ಹಿಡಿ ಕಡವೆಯ ಕೊಂಬಿನಂತೆ ಕಾಣುತ್ತದೆ. ಮಾರುವವರು ‘ಭಯವಿಲ್ಲ, ಹಳೆಯದು’ ಎನ್ನುತ್ತಿದ್ದಾರೆ. ಕೊಳ್ಳಲೇ? (ಕುಶಾಲನಗರ)

ಉತ್ತರ: ಕೊಳ್ಳಬೇಡಿ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಚಾಕು ತಯಾರಕರು ಭಾರತದ ಕಡವೆಯ ಕೊಂಬನ್ನು ಹಡಗುಗಳಲ್ಲಿ ತರಿಸಿಕೊಂಡು ಹಿಡಿಗಳಿಗೆ ಬಳಸುತ್ತಿದ್ದುದು ನಿಜ. ಕಾಡಿನಲ್ಲಿ ಬಿದ್ದು ಸಿಕ್ಕಿದ ಕೊಂಬೇ ಆಗಿರಲಿ, ನೂರು ವರ್ಷ ಹಳೆಯದೇ ಆಗಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದು ಪ್ರಾಣಿಯ ಅಂಗದಿಂದ ಮಾಡಿದ ವಸ್ತುವೇ. ಒಡೆತನದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದು ಅಪರಾಧ, ಕೊಳ್ಳುವುದೂ ಮಾರುವುದೂ ಅಪರಾಧವೇ. ‘ಹಳೆಯದು’ ಎಂಬ ಮಾತು ಯಾರನ್ನೂ ಕಾಯುವುದಿಲ್ಲ. ಪ್ರಮಾಣಪತ್ರವಿರುವ ವಸ್ತು ವಾರಸುದಾರಿಕೆಯಿಂದ ಬಂದಿದ್ದರೆ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಆನೆಯ ದಂತದ ಹಿಡಿಗೂ ಇದೇ ಮಾತು. ಸಾಕಿದ ಎಮ್ಮೆಯ ಕೊಂಬು, ದನದ ಮೂಳೆ, ಮರ, ಹಿತ್ತಾಳೆ ಇವಕ್ಕೆ ತೊಡಕಿಲ್ಲ. ಅಂಥ ವಸ್ತು ಮನೆಯಲ್ಲಿ ಮೊದಲಿನಿಂದಲೂ ಇರುವವರು ವಕೀಲರನ್ನು ಕಂಡು ಅರಣ್ಯ ಇಲಾಖೆಯ ಮುಂದೆ ತಾವಾಗಿಯೇ ಹೋಗುವುದು ಮೇಲು. ಕಾಡಿನ ಅಂಚಿನಲ್ಲಿ ಬದುಕುವ ನಾವು ಈ ವ್ಯಾಪಾರಕ್ಕೆ ಒಂದು ರೂಪಾಯಿಯನ್ನೂ ಸೇರಿಸಬಾರದು ಎಂಬುದು ಕಾಯ್ದೆಯನ್ನು ಮೀರಿದ ನನ್ನ ನಿಲುವು.

ಪ್ರಶ್ನೆ: ನಮ್ಮ ಮಾವನವರು ಹನ್ನೊಂದು ವರ್ಷದ ಮಗನಿಗೆ ತಮ್ಮ ಚಾಕು ಕೊಡುತ್ತೇನೆಂದು ಮಾತು ಕೊಟ್ಟಿದ್ದಾರೆ. ನನಗೆ ಹೆದರಿಕೆ. ಬೇಡವೆಂದರೆ ಅಜ್ಜ ಮೊಮ್ಮಗ ಇಬ್ಬರಿಗೂ ಬೇಸರ. (ಪೊನ್ನಂಪೇಟೆ)

ಉತ್ತರ: ಅಮ್ಮಾ, ನಿಮ್ಮ ಹೆದರಿಕೆ ಸರಿಯಾದದ್ದೇ, ಮಾವನವರ ಆಸೆಯೂ ಸರಿಯಾದದ್ದೇ. ಹಳೆಯ ಚಾಕುಗಳಲ್ಲಿ ಬಹುಪಾಲಿಗೆ ಬೀಗವಿರುವುದಿಲ್ಲ. ಬೆನ್ನಿನ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಮೊನೆಯಿಂದ ಚುಚ್ಚಿ ಕೊರೆಯಲು ಹೋದಾಗ ಅದು ಮಡಚಿಕೊಂಡು ಬೆರಳಿಗೆ ಬೀಳುತ್ತದೆ, ಮಕ್ಕಳಿಗೆ ಹಲವು ಸಲ ಗಾಯವಾಗುವುದು ಹೀಗೆಯೇ. ಆದ್ದರಿಂದ ಅಜ್ಜನ ಚಾಕು ಇನ್ನೆರಡು ವರ್ಷ ಅಜ್ಜನ ಬಳಿಯೇ ಇರಲಿ, ಮೊಮ್ಮಗ ಅವರ ಎದುರಿಗೆ ಕುಳಿತು ಮಾತ್ರ ಬಳಸಲಿ. ಸ್ವಂತಕ್ಕೆ, ಮಕ್ಕಳಿಗೆಂದೇ ಒಪಿನೆಲ್‌ನವರು ಮಾಡುವ, ಮೊನೆ ಉರುಟಾಗಿರುವ ಬಳೆಬೀಗದ 7ನೇ ನಂಬರಿನದು ಆಗಬಹುದು. ಕುಳಿತು ಕೆತ್ತುವುದು, ತನ್ನಿಂದ ಹೊರಮುಖವಾಗಿ ಕೆತ್ತುವುದು, ಕೈ ಚಾಚಿದರೆ ತಾಗುವಷ್ಟು ಹತ್ತಿರ ಬೇರೆ ಯಾರೂ ಇರದಂತೆ ನೋಡಿಕೊಳ್ಳುವುದು, ಇನ್ನೊಬ್ಬರಿಗೆ ಮಡಚಿಯೇ ಕೊಡುವುದು, ಇವು ಮೊದಲ ಪಾಠಗಳು. ಧಾರೆ ಹರಿತವಾಗಿರಲಿ, ಮೊಂಡಾದ ಚಾಕುವನ್ನು ಒತ್ತಿ ಬಳಸುವಾಗಲೇ ಕೈ ಜಾರುವುದು. ಶಾಲೆಯ ಚೀಲಕ್ಕೆ ಅದು ಎಂದೂ ಹೋಗಬಾರದು, ಒಮ್ಮೆ ಹೋದರೂ ಒಂದು ವರ್ಷ ಅಜ್ಜನ ಪೆಟ್ಟಿಗೆಗೆ ಹಿಂತಿರುಗುತ್ತದೆ ಎಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ಸಂಗ್ರಹ ಆರಂಭಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ, ಹಳೆಯದೆಂದು ಹೇಳಿ ಕೊಡುವ ಹೊಸತನ್ನು ಗುರುತಿಸುವುದು ಹೇಗೆ? (ಮಡಿಕೇರಿ)

ಉತ್ತರ: ಮೊದಲು ಬಳಸಲು ಒಂದನ್ನು ಕೊಳ್ಳಿ. ಆರು ತಿಂಗಳು ಜೇಬಿನಲ್ಲಿಟ್ಟು ಬಳಸದವನಿಗೆ ಹಿಡಿಯ ಉಬ್ಬು ಎಲ್ಲಿರಬೇಕು, ಸ್ಪ್ರಿಂಗ್ ಎಷ್ಟು ಗಟ್ಟಿಯಿರಬೇಕು ಎಂಬುದು ಚಿತ್ರ ನೋಡಿ ತಿಳಿಯುವುದಿಲ್ಲ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ನನಗೆ ಪ್ರಿಯವಾದದ್ದು. ಮಡಚಿದ ಲೋಹದ ತಗಡೇ ಹಿಡಿ, ಸ್ಪ್ರಿಂಗೂ ಇಲ್ಲ ಬೀಗವೂ ಇಲ್ಲ, ಅಲಗಿನ ಬುಡದಿಂದ ಹೊರಚಾಚಿದ ಸಣ್ಣ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೆಲಸ ಮಾಡಬೇಕು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಆಫೀಸರ್ ಚಾಕುವಿನ ವಂಶದವು, ಅಂದರೆ ‘ಸ್ವಿಸ್ ಆರ್ಮಿ ನೈಫ್’ಗಳು, ಎಲ್ಲರಿಗೂ ಗೊತ್ತು. ಬೆನ್ನಿನ ಮೇಲೆ ಜೇನುನೊಣ ಕೂತಿರುವ ಲಗ್ಯೋಲ್ ಬಗ್ಗೆ ಎಚ್ಚರವಿರಲಿ. ಅದು ಫ್ರಾನ್ಸಿನ ಒಂದು ಹಳ್ಳಿಯ ಹೆಸರು, ಚಾಕುವಿನ ಶೈಲಿಯ ಹೆಸರು, ಒಂದು ಕಂಪನಿಯದಲ್ಲ, ಎಲ್ಲೆಲ್ಲಿಯೋ ತಯಾರಾದವೂ ಆ ನೊಣವನ್ನು ಹೊತ್ತು ಬರುತ್ತವೆ.

ಕೊಡಗಿನಲ್ಲಿ ಕುಳಿತವರಿಗೆ ಹುಡುಕಲು ತಕ್ಕದ್ದು ಶೆಫೀಲ್ಡ್ ಚಾಕುಗಳು. 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದಂದಿನಿಂದ ದೊರೆಗಳ ಜೇಬಿನಲ್ಲಿ ಬಂದು, ರೈಟರು, ಮೇಸ್ತ್ರಿಗಳ ಕೈ ದಾಟಿ ಇಲ್ಲೇ ಉಳಿದವು ಅವು. ಜೋಸೆಫ್ ರಾಜರ್ಸ್ ಸಂಸ್ಥೆಯ ಗುರುತು ಒಂದು ನಕ್ಷತ್ರ ಮತ್ತು ಒಂದು ಮಾಲ್ಟೀಸ್ ಶಿಲುಬೆ, 1682ರಿಂದ ಬಂದದ್ದು. ಅದರ ಹೆಸರು ದೊಡ್ಡದಾದಷ್ಟೂ ನಕಲೂ ಹೆಚ್ಚಿತು. ಜರ್ಮನಿಯ ಅಗ್ಗದ ಚಾಕುಗಳು ಶೆಫೀಲ್ಡ್ ಹೆಸರು ಹೊತ್ತು ಬರುತ್ತಿವೆಯೆಂಬ ಗಲಾಟೆಯೇ 1887ರಲ್ಲಿ ಬ್ರಿಟನ್ನಿನಲ್ಲಿ ಸರಕಿನ ಮೇಲೆ ಮೂಲ ದೇಶವನ್ನು ಒತ್ತಬೇಕೆಂಬ ಕಾಯ್ದೆಗೆ ಒಂದು ಮುಖ್ಯ ಕಾರಣವಾಯಿತು. ಅಮೆರಿಕವೂ ಅಂಥದೇ ನಿಯಮ ತಂದದ್ದರಿಂದ 1891ರ ಬಳಿಕ ‘ಇಂಗ್ಲೆಂಡ್’ ಎಂಬ ಪದ ಅಲಗಿನ ಬುಡದಲ್ಲಿ ಹೆಚ್ಚಾಗಿ ಕಾಣತೊಡಗಿತು. ಕಾಲ ಅಂದಾಜಿಸಲು ಇದು ಒಳ್ಳೆಯ ಸುಳಿವು.

ಕೈಗೆ ಸಿಕ್ಕಿದಾಗ ಹೀಗೆ ನೋಡಿ. ಅಲಗನ್ನು ಮೆಲ್ಲನೆ ತೆರೆದಾಗ ಪೂರ್ತಿ ತೆರೆದ ಕಡೆ ‘ಟಕ್’ ಎಂಬ ಸ್ಪಷ್ಟ ಸದ್ದು ಬರಬೇಕು, ಪಕ್ಕಕ್ಕೆ ಅಲ್ಲಾಡಬಾರದು. ಎರಡು ಅಲಗುಗಳಿದ್ದರೆ ಎರಡರ ಕಪ್ಪೂ ಒಂದೇ ಬಗೆಯದಾಗಿರಬೇಕು, ಒಂದರಲ್ಲಿ ತುಕ್ಕಿನ ಕುಳಿಗಳಿದ್ದು ಇನ್ನೊಂದು ನಯವಾಗಿದ್ದರೆ ಅದು ಬೇರೊಂದರಿಂದ ಬಂದದ್ದು. ಹಿಡಿಯ ಅಂಚುಗಳು ಬೆರಳು ತಾಗುವಲ್ಲಿ ಹೆಚ್ಚು, ತಾಗದಲ್ಲಿ ಕಡಿಮೆ ಸವೆದಿರಬೇಕು. ಎಲ್ಲ ಕಡೆ ಒಂದೇ ಸಮನೆ ಸವೆದಿದ್ದರೆ ಮರಳುಕಾಗದದ ಕೆಲಸ. ಮುದ್ರೆಯ ಅಕ್ಷರಗಳ ಅಂಚು ಹರಿತವಾಗಿದ್ದು ಸುತ್ತಲಿನ ಉಕ್ಕು ಮಾತ್ರ ಕಪ್ಪಾಗಿದ್ದರೆ ಕೊಳ್ಳಬೇಡಿ. ಮಸೆದು ಮಸೆದು ಅಲಗು ಕಡ್ಡಿಯಂತಾಗಿದ್ದರೆ ಬೆಲೆ ಇಳಿಸಿ ಕೇಳಿ. ಆದರೆ ಅದು ಯಾರದೆಂದು ತಿಳಿದಿದ್ದರೆ, ನನ್ನ ಲೆಕ್ಕದಲ್ಲಿ ಆ ಸವೆತಕ್ಕೇ ಬೆಲೆ ಹೆಚ್ಚು. ಆಮೆಚಿಪ್ಪಿನಂತೆ ಹೊಳೆಯುವ ಹಳೆಯ ಸೆಲ್ಯುಲಾಯ್ಡ್ ಹಿಡಿಯದು ಸಿಕ್ಕರೆ ಅದನ್ನು ಉಳಿದವುಗಳ ಡಬ್ಬಿಗೆ ಸೇರಿಸಬೇಡಿ. ಆ ವಸ್ತು ಕೆಡುವಾಗ ಬಿಡುವ ಆಮ್ಲದ ಆವಿ ಪಕ್ಕದ ಚಾಕುಗಳ ಅಲಗನ್ನೂ ತಿನ್ನುತ್ತದೆ, ಬೆಂಕಿಯೂ ಬೇಗ ತಗಲುತ್ತದೆ; ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ, ಅದನ್ನು ಒಂಟಿಯಾಗಿಯೇ ಇಡಿ.